ಎಂಟಾಣೆಯ ನೆಲದಲ್ಲಿ ಕೇಳಿದ ಹಾಡು

(ಹಾವೇರಿಯಲ್ಲಿ ಈಚೆಗೆ ನಡೆದ ರಂಗಗೀತೆಗಳ ಸಂಜೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಇನ್ನು ಅರ್ಧ ತಾಸಿನಲ್ಲಿ ಇಲ್ಲಿ ಕಂಪನಿ ನಾಟಕದ ಹಾಡುಗಳು ಶುರುವಾಗುತ್ತವೆ. ಅದಕ್ಕೆ ಮೊದಲು ಆ ಹಾಡುಗಳ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದೀರಿ. ನಾನು ಹಾಡುಗಾರನಲ್ಲ, ನಟನೂ ಅಲ್ಲ. ನನ್ನ ಅರ್ಹತೆ ಒಂದೇ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಮೂರು ಊರುಗಳಲ್ಲಿ ಬಿಡಾರ ಹೂಡಿದ ಕಂಪನಿಗಳ ನಾಟಕಗಳನ್ನು ಹುಡುಗನಾಗಿದ್ದಾಗ ಎಲ್ಲಕ್ಕಿಂತ ಅಗ್ಗದ ಟಿಕೀಟಿನಲ್ಲಿ ನೋಡಿದವನು ನಾನು. ಇಷ್ಟು ಅರ್ಹತೆಗೆ ಏಲಕ್ಕಿ ಹಾರ ಹಾಕಿದ್ದೀರಿ. ಈ ಹಾರದ ಬೆಲೆಯಲ್ಲಿ ಆಗ ಒಂದು ಇಡೀ ಹಂಗಾಮಿನ ನಾಟಕಗಳನ್ನು ನೋಡಿ, ಮೇಲೆ ಮಿರ್ಚಿ ಭಜಿ ತಿನ್ನಬಹುದಾಗಿತ್ತು.

1970ರ ಆಸುಪಾಸಿನ ಮಾತು. ನೆಲಕ್ಕೆ ಎಂಟಾಣೆ, ಬೆಂಚಿಗೆ ಒಂದು ರೂಪಾಯಿ, ಖುರ್ಚಿಗೆ ಮೂರು. ಹೊಸ ಪೈಸೆಯ ಲೆಕ್ಕ 1957ರಲ್ಲೇ ಬಂದಿದ್ದರೂ ನಮ್ಮ ಕಡೆ ಬಾಯಲ್ಲಿ ಆಣೆಯೇ ಉಳಿದಿತ್ತು. ನನ್ನ ಗೆಳೆಯ ಬ್ಯಾಡಗಿಯವನು. ಅವನ ತಂದೆ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದರು. ಅವನು ಹಾವೇರಿಯಲ್ಲಿ ಅಜ್ಜಿಯ ಮನೆಯಲ್ಲಿದ್ದು ನನ್ನ ಜೊತೆ ಓದುತ್ತಿದ್ದ. ನನ್ನ ತಂದೆ ಪ್ರಾಥಮಿಕ ಶಾಲೆಯ ಮಾಸ್ತರರು. ನಾಟಕಕ್ಕೆಂದು ದುಡ್ಡು ಕೇಳಿದರೆ ಎರಡೂ ಮನೆಗಳಲ್ಲಿ ಸಿಗುತ್ತಿದ್ದುದು ಬೈಗುಳ. ಇಬ್ಬರ ಕಿಸೆ ಜಾಲಾಡಿದರೆ ಒಂದು ಟಿಕೀಟಿನ ಹಣ ಕೂಡುತ್ತಿತ್ತು. ಹೀಗಾಗಿ ನಾವು ನಾಟಕವನ್ನೇ ಎರಡು ಪಾಲು ಮಾಡಿಕೊಂಡೆವು. ಮಧ್ಯಂತರದಲ್ಲಿ ಹೊರಗೆ ಬಂದವರನ್ನು ಗೇಟಿನವನು ಹರಿದ ಟಿಕೀಟಿನ ತುಂಡು ನೋಡಿ ಮತ್ತೆ ಒಳಗೆ ಬಿಡುತ್ತಿದ್ದ. ಆ ತುಂಡು ಕತ್ತಲಲ್ಲಿ ಕೈ ಬದಲಾಯಿಸುತ್ತಿತ್ತು. ಗೇಟಿನವನಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಅವನೂ ಯಾವುದೋ ಊರಿನಲ್ಲಿ ನೆಲದ ಮೇಲೆ ಕೂತು ಬೆಳೆದವನೇ ಇರಬೇಕು.

ಗೆಳೆಯನದು ಯಾವಾಗಲೂ ಮೊದಲರ್ಧ. ಅವನಿಗೆ ನಾಂದಿ ಬೇಕು, ಹಾಡು ಬೇಕು. ಪಾತ್ರಗಳೆಲ್ಲ ಒಬ್ಬೊಬ್ಬರಾಗಿ ಬಂದು ಹಾಡುವುದು ಮೊದಲರ್ಧದಲ್ಲೇ. ನನಗೆ ಕತೆ ಬೇಕು, ಮಾತಿನ ಜಗಳ ಬೇಕು, ಕೊನೆಗೆ ಯಾರು ಸತ್ತರು ಯಾರು ಉಳಿದರು ಗೊತ್ತಾಗಬೇಕು. ಹೊರಗಿದ್ದವನು ತಗಡಿಗೆ ಕಿವಿ ಹಚ್ಚಿ ನಿಲ್ಲುತ್ತಿದ್ದ. ಆಟ ಮುಗಿದ ಮೇಲೆ, ನಾಟಕ ಬ್ಯಾಡಗಿಯಲ್ಲೋ ರಾಣೆಬೆನ್ನೂರಿನಲ್ಲೋ ಇದ್ದರೆ, ಬೆಳಗಿನ ಪ್ಯಾಸೆಂಜರ್ ಗಾಡಿ ಬರುವವರೆಗೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಒಬ್ಬರ ಪಾಲು ಒಬ್ಬರಿಗೆ ಒಪ್ಪಿಸುತ್ತಿದ್ದೆವು. ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ಹಳಿ ಈ ಮೂರು ಊರುಗಳನ್ನೂ ಒಂದೇ ದಾರದಲ್ಲಿ ಪೋಣಿಸಿದೆ. ನಮ್ಮ ಪಾಲಿಗೆ ಅದು ನಾಟಕದ ಹಳಿಯೇ ಆಗಿತ್ತು. ಎಷ್ಟೋ ನಾಟಕಗಳ ಆರಂಭ ನನಗೆ ಇಂದಿಗೂ ಗೆಳೆಯನ ದನಿಯಲ್ಲಿ ಮಾತ್ರ ಗೊತ್ತು. ಅವುಗಳ ಕೊನೆ ಅವನಿಗೆ ನಾನು ಹೇಳಿದಷ್ಟೇ ಗೊತ್ತು. ಅವನು ತೀರ ಬೇಸರದಲ್ಲಿದ್ದ ದಿನ ಒಂದೆರಡು ನಾಟಕಗಳನ್ನು ನಾನು ಸುಖಾಂತ ಮಾಡಿ ಹೇಳಿದ್ದುಂಟು. ಅವನು ಇದನ್ನು ಇವತ್ತೇ ಕೇಳುತ್ತಿದ್ದಾನೆ, ಹಿಂದೆ ಗೋಡೆಗೆ ಒರಗಿ ಕೂತಿದ್ದಾನೆ.

ಕಿರಿಯರಿಗಾಗಿ ಆ ಥೇಟರು ಹೇಗಿತ್ತು ಎಂಬುದನ್ನು ಹೇಳಬೇಕು. ಸುಗ್ಗಿ ಮುಗಿದು, ಹತ್ತಿ ಮೆಣಸಿನಕಾಯಿ ಮಾರಿ ಜನರ ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಜಾತ್ರೆಗಳು ಬರುತ್ತವೆ. ಜಾತ್ರೆಯ ಹಿಂದೆ ಕಂಪನಿ ಬರುತ್ತದೆ. ಬಿದಿರಿನ ಗಳ, ತಗಡು, ತಟ್ಟಿ ಇಷ್ಟರಲ್ಲೇ ಸಾವಿರ ಜನ ಹಿಡಿಸುವ ಥೇಟರು ನಾಲ್ಕೈದು ದಿನದಲ್ಲಿ ಎದ್ದು ನಿಲ್ಲುತ್ತಿತ್ತು. ಮುಂದೆ ಖುರ್ಚಿ, ಅದರ ಹಿಂದೆ ಬೆಂಚು, ಕಟ್ಟಕಡೆಗೆ ನೆಲ. ಹೆಂಗಸರಿಗೆ ಒಂದು ಬದಿ ಬೇರೆ. ರಂಗದ ಕೆಳಗೆ, ಪ್ರೇಕ್ಷಕರಿಗೆ ಬೆನ್ನು ಮಾಡಿ, ಕಾಲಿನಿಂದ ಗಾಳಿ ತುಂಬುವ ದೊಡ್ಡ ಪೇಟಿಯ ಮುಂದೆ ಪೇಟಿ ಮಾಸ್ತರರು. ಪಕ್ಕದಲ್ಲಿ ತಬಲಾ. ದರ್ಬಾರು, ಬೀದಿ, ಅಡವಿ, ತೋಟ, ಹೀಗೆ ಬಣ್ಣ ಬರೆದ ಪರದೆಗಳು. ಎದುರಿನ ಬೀದಿಯ ಪರದೆ ಇಳಿದು ಹಾಸ್ಯಗಾರ ಬಂದನೆಂದರೆ ಹಿಂದೆ ದರ್ಬಾರಿನ ಸಿಂಹಾಸನ ಜೋಡಿಸುತ್ತಿದ್ದಾರೆ ಎಂದು ತಿಳಿಯಬೇಕು. ಹಾಸ್ಯದ ಸೀನಿನ ದೊಡ್ಡ ಉಪಯೋಗ ಅದು: ಹಿಂದಿನ ಬಡಿಗೆತನದ ಸಪ್ಪಳ ಮುಚ್ಚುವುದು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನೆಲದವರಿಗೆ ನಾಟಕ ಕಾಣುತ್ತಿದ್ದುದು ಮುಂದಿನವರ ರುಮಾಲುಗಳ ಸಂದಿಯಿಂದ. ಭೀಮನ ಗದೆ ಕಾಣುತ್ತಿತ್ತು, ಭೀಮ ಕಾಣುತ್ತಿರಲಿಲ್ಲ. ಆದರೆ ಕಿವಿಗೆ ಯಾರ ರುಮಾಲೂ ಅಡ್ಡ ಬರುವುದಿಲ್ಲ. ನೆಲದ ಜನ ಅಷ್ಟು ಚೆನ್ನಾಗಿ ಕೇಳುವವರಾದದ್ದು ಇದರಿಂದಲೇ ಎಂಬುದು ನನ್ನ ನಂಬಿಕೆ. ನನ್ನ ಗೆಳೆಯನಿಗೆ ಒಂದು ರಾಗದ ಹೆಸರೂ ಗೊತ್ತಿರಲಿಲ್ಲ. ಅವನು ಇಟ್ಟುಕೊಂಡ ಹೆಸರುಗಳೇ ಬೇರೆ: ಸ್ಮಶಾನದ ಧಾಟಿ, ಸತ್ಯಭಾಮೆಯ ಸಿಟ್ಟಿನ ಧಾಟಿ, ತೋಟದ ಧಾಟಿ. ಒಂದು ದಿನ ಚಹಾದಂಗಡಿಯಲ್ಲಿ ಧಾರವಾಡ ಆಕಾಶವಾಣಿ ಹಾಕಿದ್ದರು. ಯಾರೋ ದೊಡ್ಡ ಗವಾಯಿಗಳು ಭೀಮಪಲಾಸ ಹಾಡುತ್ತಿದ್ದರು. ಗೆಳೆಯ ಚಹಾದ ಬಸಿ ಕೆಳಗಿಟ್ಟು, ‘ಅಲ್ಲೋ ದೋಸ್ತ, ಇದು ನಮ್ಮ ಸುಭದ್ರೀ ಹಾಡಲ್ಲೇನು? ಇವರಿಗೆ ಹ್ಯಾಂಗ ಗೊತ್ತಾತು?’ ಎಂದು ಕೂಗಿದ. ಅಂಗಡಿಯಲ್ಲಿದ್ದವರು ನಕ್ಕರು. ನಗುವ ಮಾತಲ್ಲ ಅದು. ಗವಾಯಿಗಳ ಹಾಡೂ ನಾಟಕದ ಹಾಡೂ ಒಂದೇ ಮನೆಯವು.

ಆ ಮನೆಯ ಕತೆ ಸ್ವಲ್ಪ ಸ್ವಾರಸ್ಯವಾಗಿದೆ. ಉತ್ತರ ಕನ್ನಡದ ಹೊನ್ನಾವರದ ಹತ್ತಿರ ಕರ್ಕಿ ಎಂಬ ಊರು. ಅಲ್ಲಿಯ ಭಾಗವತ ಮೇಳದವರು ಸಾಂಗ್ಲಿಗೆ ಹೋಗಿ ಪಟವರ್ಧನ ಸಂಸ್ಥಾನಿಕರ ಮುಂದೆ ಆಟ ಆಡಿದರು. ಅದನ್ನು ನೋಡಿದ ಅರಸರು ಮರಾಠಿಯಲ್ಲೂ ಇಂಥದೊಂದು ಆಗಬೇಕೆಂದು ಅಪೇಕ್ಷಿಸಿದರು. 1843ರಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ ಆಡಿಸಿದರು. ಮರಾಠಿ ರಂಗಭೂಮಿಯ ಹುಟ್ಟುದಿನವೆಂದು ಅದನ್ನೇ ಎಣಿಸುತ್ತಾರೆ. ಮುಂದೆ 1880ರಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದರು. ಈ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ನಮ್ಮಿಂದ ಹೋದ ಬೀಜ ಅಲ್ಲಿ ಮರವಾಗಿ, ಮರಾಠಿ ಕಂಪನಿಗಳ ರೂಪದಲ್ಲಿ ಧಾರವಾಡ, ಹುಬ್ಬಳ್ಳಿ, ಗದಗುಗಳಿಗೆ ತಿರುಗಿ ಬಂತು. ಬಂದಾಗ ಅದರ ಭಾಷೆ ಬೇರೆಯಾಗಿತ್ತು. ಕನ್ನಡದ ಜನ ಮರಾಠಿ ನಾಟಕಕ್ಕೆ ಮುಗಿಬೀಳುವುದನ್ನು ಕಂಡು ಸಂಕಟಪಟ್ಟವರು ಶಾಲಾಮಾಸ್ತರರಾಗಿದ್ದ ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು. ಇದೇ ಹಾವೇರಿ ಸೀಮೆಯ ಸಾತೇನಹಳ್ಳಿಯವರು. 1870ರ ದಶಕದಲ್ಲಿ ಗದಗಿನಲ್ಲಿ ವೀರನಾರಾಯಣ ಪ್ರಾಸಾದಿತ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ ‘ಉಷಾಹರಣ’ ಆಡಿಸಿದರು. ಅಲ್ಲಿಂದ ಮುಂದೆ ಶಿರಹಟ್ಟಿ, ಕೊಣ್ಣೂರು, ಗದಗಿನ ಗರುಡ ಸದಾಶಿವರಾಯರು, ವಾಮನರಾವ ಮಾಸ್ತರರು ಹೀಗೆ ಕಂಪನಿಗಳ ಸಾಲೇ ಹೊರಟಿತು.

ಈ ಕಂಪನಿಗಳಿಗೆ ಹಾಡಬಲ್ಲ ಹುಡುಗರು ಬೇಕಾಗಿದ್ದರು. ಹಾಡಬಲ್ಲ ಬಡ ಹುಡುಗರಿಗೆ ಅನ್ನ ಬೇಕಾಗಿತ್ತು. ಮಲ್ಲಿಕಾರ್ಜುನ ಮನಸೂರರು ಬಾಲಕರಾಗಿ ವಾಮನರಾವ ಮಾಸ್ತರರ ಕಂಪನಿಯಲ್ಲಿದ್ದವರು. ನಾಟಕದಲ್ಲಿ ಅವರ ಹಾಡು ಕೇಳಿಯೇ ಮಿರಜಿನ ನೀಲಕಂಠಬುವಾ ಅವರನ್ನು ಶಿಷ್ಯನಾಗಿ ತೆಗೆದುಕೊಂಡರು. ಕುಂದಗೋಳದ ರಾಮಭಾವು ಅಬ್ದುಲ್ ಕರೀಂಖಾನರಲ್ಲಿ ಕಲಿತು ಮರಾಠಿ ರಂಗದ ಮೇಲೆ ಸ್ತ್ರೀಪಾತ್ರ ಹಾಡಿ ‘ಸವಾಯಿ ಗಂಧರ್ವ’ ಎಂದು ಹೆಸರಾದರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರಲ್ಲಿ ಕಲಿತರು. ಕುಂದಗೋಳವೂ ನಾನು ಹೇಳಿದ ಅದೇ ರೈಲು ಹಳಿಯ ಮೇಲಿದೆ, ಹಾವೇರಿಗಿಂತ ಕೆಲವು ಸ್ಟೇಷನ್ ಆಚೆ.

ಇನ್ನೊಂದು ಉದಾಹರಣೆ ಇದೇ ಜಿಲ್ಲೆಯದು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಪಂಚಾಕ್ಷರಿ ಗವಾಯಿಗಳು ಮತ್ತು ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದವರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ, ಬಡವರಾದ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಆ ಅನ್ನದ ಖರ್ಚಿಗೆ ಆಶ್ರಮ ಒಂದು ನಾಟಕ ಕಂಪನಿ ನಡೆಸಿತು. ಪುಟ್ಟರಾಜರು ತಾವೇ ನಾಟಕ ಬರೆದರು. ಆಶ್ರಮದ ಮಕ್ಕಳ ಊಟದಲ್ಲಿ ನೆಲದವರ ಎಂಟಾಣೆಯೂ ಸೇರಿತ್ತು. ನಾಟಕ ನೋಡುವುದು ಹಾಳು ಚಟ ಎನ್ನುತ್ತಿದ್ದ ನನ್ನ ತಂದೆ ಆ ಕಂಪನಿಯ ಆಟಕ್ಕೆ ಮಾತ್ರ ತಾವೇ ದುಡ್ಡು ಕೊಟ್ಟು ಕಳಿಸುತ್ತಿದ್ದರು. ಆ ದಿನ ನಾವಿಬ್ಬರೂ ಇಡೀ ನಾಟಕ ನೋಡುತ್ತಿದ್ದೆವು.

ಈಗ ‘ವನ್ಸ್ ಮೋರ್’ ವಿಷಯಕ್ಕೆ ಬರುತ್ತೇನೆ. ಹಾಡು ಹಿಡಿಸಿದರೆ ನೆಲದಿಂದ ಈ ಕೂಗು ಏಳುತ್ತಿತ್ತು, ಹಾಡಿದವರು ಮತ್ತೆ ಹಾಡಲೇಬೇಕು. ಸತ್ತು ಬಿದ್ದ ಪಾತ್ರ ಎದ್ದು ಕೂತು ಇನ್ನೊಮ್ಮೆ ಹಾಡಿ ಮತ್ತೆ ಸಾಯುವುದನ್ನು ನಾನೇ ಎರಡು ಸಲ ಕಂಡಿದ್ದೇನೆ. ಓದಿದವರು ಇದನ್ನು ಗೇಲಿ ಮಾಡುತ್ತಾರೆ. ಆದರೆ ಅಗ್ಗದ ಟಿಕೀಟಿನವರು ಹಾಡುಗಾರನ ಹಣೆಬರಹ ಬರೆಯುವುದು ನಮ್ಮಲ್ಲಿ ಮಾತ್ರವಲ್ಲ. ಲಂಡನ್ನಿನಲ್ಲಿ 1599ರಲ್ಲಿ ಕಟ್ಟಿದ ಗ್ಲೋಬ್ ಥೇಟರಿನಲ್ಲಿ ಒಂದು ಪೆನ್ನಿ ಕೊಟ್ಟವರು ಅಂಗಳದಲ್ಲಿ ನಿಂತು ಶೇಕ್ಸ್‌ಪಿಯರನ ನಾಟಕ ನೋಡುತ್ತಿದ್ದರು. ಅವರಿಗೂ ಅಲ್ಲಿ ನೆಲದವರೆಂದೇ ಹೆಸರು. ಇಟಲಿಯ ಮಿಲಾನಿನ ಲಾ ಸ್ಕಾಲಾ ಸಂಗೀತ ನಾಟಕಗಳಿಗೆ ಜಗತ್ಪ್ರಸಿದ್ಧ. ಅಲ್ಲಿ ಅಗ್ಗದ ಜಾಗ ಕೆಳಗಿಲ್ಲ, ಎಲ್ಲಕ್ಕಿಂತ ಮೇಲಿನ ಅಟ್ಟದಲ್ಲಿದೆ. 2006ರ ಡಿಸೆಂಬರಿನಲ್ಲಿ ‘ಐದಾ’ ನಡೆಯುತ್ತಿದ್ದಾಗ ರಾಬರ್ಟೊ ಅಲಾನ್ಯಾ ಎಂಬ ಹೆಸರಾಂತ ಗಾಯಕ ಆ ಅಟ್ಟದವರ ಛೀಮಾರಿ ಕೇಳಲಾರದೆ ರಂಗ ಬಿಟ್ಟು ನಡೆದುಬಿಟ್ಟ. ಬದಲಿ ಗಾಯಕ ತಾನು ಉಟ್ಟಿದ್ದ ಜೀನ್ಸ್ ಪ್ಯಾಂಟಿನಲ್ಲೇ ಬಂದು ರಾಜಕುಮಾರಿಯ ಜೊತೆ ಹಾಡಿದ. ನಮ್ಮ ರಾಣೆಬೆನ್ನೂರಿನ ನೆಲದವರು ಇದನ್ನು ಕೇಳಿದ್ದರೆ ಖುಷಿಪಡುತ್ತಿದ್ದರು.

ಹಾಗೆಂದು ನೆಲದವರೆಲ್ಲ ಸಂಭಾವಿತರು ಎಂದು ನಾನು ಹೇಳುವುದಿಲ್ಲ. ರಾಣೆಬೆನ್ನೂರಿನಲ್ಲಿಯೇ ನಡೆದದ್ದು. ಒಬ್ಬ ನಟಿ ಚೆನ್ನಾಗಿ ಹಾಡುತ್ತಿದ್ದಳು. ಅಂದು ಆಕೆಗೆ ಮೈಯಲ್ಲಿ ಸರಿಯಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಒಂದು ಹಾಡಿಗೆ ವನ್ಸ್ ಮೋರ್ ಬಂತು, ಹಾಡಿದಳು. ಮತ್ತೆ ಬಂತು, ಮತ್ತೆ ಹಾಡಿದಳು. ಮೂರನೆಯ ಸಲಕ್ಕೆ ಕೈ ಮುಗಿದಳು. ನೆಲ ಕೇಳಲಿಲ್ಲ, ಶಿಳ್ಳೆ ಹಾಕಿತು. ನಾನು ಹೊರಗೆ ತಗಡಿಗೆ ಕಿವಿಕೊಟ್ಟು ನಿಂತಿದ್ದೆ. ಮೇಲಿನ ಷಡ್ಜಕ್ಕೆ ಹೋಗುವಾಗ ದನಿ ಒಡೆದದ್ದು ನನಗೂ ಕೇಳಿಸಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಪೇಟಿ ಮಾಸ್ತರರು ಆ ಸಾಲನ್ನು ಪೇಟಿಯ ಮೇಲೆಯೇ ನುಡಿಸಿ ಮುಗಿಸಿದರು. ಮಧ್ಯಂತರದಲ್ಲಿ ಗೆಳೆಯ ಹೊರಗೆ ಬಂದು ಟಿಕೀಟಿನ ತುಂಡು ಕೈಗೆ ಕೊಟ್ಟ, ಮಾತಾಡಲಿಲ್ಲ. ಸ್ಟೇಷನ್ನಿನಲ್ಲಿ ನಸುಕಿನ ಹೊತ್ತಿಗೆ, ‘ನಾನೂ ಒದರಿದ್ನೋ’ ಎಂದ. ಆಮೇಲೆ ಅವನ ಬಾಯಿಂದ ವನ್ಸ್ ಮೋರ್ ಎಂಬ ಕೂಗನ್ನು ನಾನು ಕೇಳಿಲ್ಲ. ಹಾಡು ಹಿಡಿಸಿದರೆ ಕಣ್ಣು ಮುಚ್ಚುತ್ತಿದ್ದ, ಅಷ್ಟೆ.

ಈಗ ನನ್ನ ತಪ್ಪು ಹೇಳಿಕೊಳ್ಳಬೇಕು, ಇವತ್ತು ಬಂದದ್ದೇ ಅದಕ್ಕೆ. 1990ರ ದಶಕದಲ್ಲಿ, ನಾನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ, ಒಂದು ಸ್ಮರಣ ಸಂಚಿಕೆಗೆ ಲೇಖನ ಬರೆದೆ. ಆ ಹೊತ್ತಿಗೆ ಕಂಪನಿ ನಾಟಕಗಳಲ್ಲಿ ಹಾಡು ಹೋಗಿ ಸಿನೇಮಾ ಹಾಡಿನ ಕ್ಯಾಸೆಟ್ಟು ಬಂದಿತ್ತು. ಹಾಸ್ಯ ಹಿಗ್ಗಿ ದ್ವಂದ್ವಾರ್ಥವಾಗಿತ್ತು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಕಂಪನಿ ನಾಟಕ ಅದಕ್ಕೆ ಉಲ್ಟಾ ಆಗಿತ್ತು. ಕಾರಣ ಹುಡುಕಹೊರಟ ನಾನು, ನೆಲದ ಪ್ರೇಕ್ಷಕನ ಕೀಳು ಅಭಿರುಚಿಯೇ ರಂಗಸಂಗೀತವನ್ನು ಕೊಂದಿತು ಎಂದು ಬರೆದೆ. ಆಗ ಎಲ್ಲರೂ ಹಾಗೆಯೇ ಬರೆಯುತ್ತಿದ್ದರು.

ವಾರದೊಳಗೆ ಗೆಳೆಯ ಸಂಚಿಕೆ ಹಿಡಿದುಕೊಂಡು ಮನೆಗೆ ಬಂದ. ಅವನು ಆಗ ಬ್ಯಾಡಗಿ ಪೇಟೆಯ ದಲಾಲಿ ಅಂಗಡಿಯಲ್ಲಿ ತೂಕ ಬರೆಯುತ್ತಿದ್ದ. ಸಂಜೆ ಭಜನಾ ಮೇಳಕ್ಕೆ ಪೇಟಿ ನುಡಿಸುತ್ತಿದ್ದ. ಬಾಗಿಲಲ್ಲೇ ನಿಂತು ಕೇಳಿದ: ‘ಏನೋ ಮಾಸ್ತರ, ನೀ ಯಾವಾಗಿಂದ ಖುರ್ಚ್ಯಾಗ ಕುಂಡ್ರಾಕ ಹತ್ತಿದಿ?’

ಆ ಸಂಜೆ ಅವನು ಹೇಳಿದ್ದನ್ನು ಆಮೇಲೆ ಬೇರೆ ಬೇರೆ ಕಡೆ ಕೇಳಿ ನೋಡಿದ್ದೇನೆ. ಅವನ ಮಾತೇ ನಿಜವೆನಿಸಿದೆ. ಲೆಕ್ಕ ಬರೆಯುವವನು ನೋಡಿ, ಲೆಕ್ಕದಿಂದಲೇ ಶುರು ಮಾಡಿದ. ಕಂಪನಿ ಎಂದರೆ ನಟರು, ಅಡಿಗೆಯವರು, ಪರದೆ ಎಳೆಯುವವರು, ಬಣ್ಣದವರು, ವಾದ್ಯದವರು. ಆಟವಿರಲಿ ಬಿಡಲಿ ಎಲ್ಲರಿಗೂ ಎರಡು ಹೊತ್ತಿನ ಊಟ. ಮಳೆ ಬಂದು ನಾಲ್ಕು ದಿನ ಆಟ ನಿಂತರೆ ಸಾಲ. ಸಿನೇಮಾ ಥೇಟರು ಊರೂರಿಗೆ ಬಂದು ಗಲ್ಲಾ ಇಳಿಯತೊಡಗಿದಾಗ ಮಾಲಕ ಖರ್ಚು ಕಡಿಮೆ ಮಾಡಬೇಕಾಯಿತು. ಯಾರನ್ನು ಬಿಡಿಸುವುದು? ರಂಗದ ಮೇಲೆ ಕಾಣುವವರನ್ನು ಬಿಡಿಸಿದರೆ ಜನ ಕೇಳುತ್ತಾರೆ. ರಂಗದ ಕೆಳಗೆ ಬೆನ್ನು ಮಾಡಿ ಕೂತವರನ್ನು ಬಿಡಿಸಿದರೆ ಗೊತ್ತಾಗುವುದಿಲ್ಲ. ಹೀಗೆ ಮೊದಲು ಹೋದವರು ವಾದ್ಯದವರು. ಅವರು ಹೋದ ಮೇಲೆ ಹಾಡುವ ನಟನಿಗೆ ಏನು ಕೆಲಸ? ಸಿನೇಮಾ ಇನ್ನೊಂದನ್ನೂ ಕಲಿಸಿತ್ತು: ಮುಖ ಒಬ್ಬರದು, ದನಿ ಇನ್ನೊಬ್ಬರದು ಆದರೆ ನಡೆಯುತ್ತದೆ ಎಂದು. ಹಾಡೂ ಬರಬೇಕು, ಅಭಿನಯವೂ ಬರಬೇಕು ಎಂಬ ಕಟ್ಟಳೆ ತಪ್ಪಿದ ಮೇಲೆ ಗವಾಯಿಗಳ ಹತ್ತಿರ ಹತ್ತು ವರ್ಷ ಕಲಿತವರು ಕಂಪನಿಗೆ ಏಕೆ ಬರುತ್ತಾರೆ? ಅವರಿಗೆ ಆಕಾಶವಾಣಿ ಇತ್ತು, ಶಾಲೆಯ ಸಂಗೀತ ಶಿಕ್ಷಕರ ಹುದ್ದೆ ಇತ್ತು.

ಹಾಡು ಹೋದ ಜಾಗ ಖಾಲಿ ಬಿತ್ತು. ಮೂರು ತಾಸಿನ ಆಟ ತುಂಬಿಸಲೇಬೇಕು. ಆಗ ಉಬ್ಬಿದ್ದು, ಪರದೆಯ ಹಿಂದಿನ ಸಪ್ಪಳ ಮುಚ್ಚಲು ಇದ್ದ ಆ ಹಾಸ್ಯದ ಸೀನು. ಹಾಸ್ಯಗಾರ ಒಬ್ಬನಿದ್ದರೆ ಸಾಕು, ಪೇಟಿ ಬೇಡ, ತಬಲಾ ಬೇಡ. ‘ನೆಲದಾವರು ಇದನ್ನ ಕೇಳಿದ್ರಂತ ಬರದೀಯಲ್ಲ,’ ಎಂದ ಗೆಳೆಯ. ‘ನಾವು ಕೇಳಿದ್ದು ವನ್ಸ್ ಮೋರ್ ಒಂದ. ಅದನ್ನ ಕ್ಯಾಸೆಟ್ಟಿಗೆ ಹ್ಯಾಂಗ ಕೇಳೂದು?’

ಅವನ ಮಾತಿಗೆ ನನ್ನದೊಂದು ಸಣ್ಣ ತಕರಾರು ಇದೆ. ಜನರ ರುಚಿ ಬದಲಾಗಲೇ ಇಲ್ಲ ಎಂದರೆ ಅದೂ ಪೂರ್ತಿ ಸತ್ಯವಲ್ಲ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಬಂದ ಮೇಲೆ ತಗಡಿನ ಥೇಟರಿನ ರಾಮ ಬಡವನಾಗಿ ಕಂಡದ್ದು ಎಲ್ಲರಿಗೂ, ನೆಲದವರಿಗೂ. ಆದರೆ ಎಲ್ಲ ಕಂಪನಿಗಳೂ ಹಾಡಿಲ್ಲದೆ ಬಾಳಿದವು ಎಂದೂ ಅಲ್ಲ. ಏಣಗಿ ಬಾಳಪ್ಪನವರಂಥವರು ಹಾಡನ್ನು ಕೊನೆಯವರೆಗೆ ಬಿಡಲಿಲ್ಲ. 2017ರಲ್ಲಿ ತೀರಿಕೊಂಡಾಗ ಅವರಿಗೆ ನೂರು ದಾಟಿತ್ತು, ತೀರ ಇಳಿವಯಸ್ಸಿನಲ್ಲೂ ರಂಗಗೀತೆ ಹಾಡುತ್ತಿದ್ದರು. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕ 1974ರಲ್ಲಿ ಸಿನೇಮಾ ಆಗಿ ರಾಜ್ಯವನ್ನೆಲ್ಲ ಕುಣಿಸಿತು. ಕಂಪನಿಯಿಂದ ಸಿನೇಮಾ ಪಡೆದದ್ದು ಕಡಿಮೆಯಲ್ಲ, ತಿರುಗಿ ಕೊಟ್ಟದ್ದು ಕಡಿಮೆ. ಬಾದಾಮಿಯ ಬನಶಂಕರಿ ಜಾತ್ರೆಗೆ ಇಂದಿಗೂ ಹಲವು ಕಂಪನಿಗಳು ಒಟ್ಟಿಗೆ ಬರುತ್ತವೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ, ಜಾತ್ರೆಯ ಹಂಗಾಮಿನಲ್ಲೇ, ಬಿಡಾರ ಕಿತ್ತು ಮನೆಗೆ ಹೋದ ಕಲಾವಿದರಲ್ಲಿ ಕೆಲವರು ತಿರುಗಿ ಬರಲಿಲ್ಲ.

ಅಂದು ನಾನು ಬರೆದದ್ದು ಎಷ್ಟು ಜನ ಓದಿದರೋ ತಿಳಿಯದು. ಓದಿದವರು ಯಾರಾದರೂ ಇಲ್ಲಿದ್ದರೆ ಅದನ್ನು ವಾಪಸ್ಸು ತೆಗೆದುಕೊಂಡಿದ್ದೇನೆ ಎಂದು ತಿಳಿಯಬೇಕು. ಇಷ್ಟು ವರ್ಷ ಅವನು ಮತ್ತೆ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇವತ್ತಿನ ಕಾರ್ಯಕ್ರಮಕ್ಕೆ ಕರೆಯಲು ಹೋದಾಗ, ‘ಟಿಕೀಟು ಎಷ್ಟು?’ ಎಂದು ಕೇಳಿದ. ಪುಕ್ಕಟೆ ಎಂದೆ. ‘ಹಂಗಾರ ಇಡೀ ನೋಡಬಹುದು’ ಎಂದ. ಮುಂದಿನ ಸಾಲಿನಲ್ಲಿ ಅವನಿಗೆಂದು ಒಂದು ಖುರ್ಚಿ ಇಡಿಸಿದ್ದೆ. ಅದು ಖಾಲಿ ಇದೆ, ನಿಂತವರು ಯಾರಾದರೂ ಕೂಡಬಹುದು.

ಪೇಟಿಯವರು ಶ್ರುತಿ ಕೊಡುತ್ತಿದ್ದಾರೆ. ನಾಂದಿಯಿಂದ ಶುರು ಮಾಡುತ್ತಾರಂತೆ. ನನಗೆ ನಾಂದಿ ಕೇಳಿ ರೂಢಿಯಿಲ್ಲ. ನಾನೂ ಹಿಂದೆ ಹೋಗಿ ಅವನ ಹತ್ತಿರ ಕೂ‍ಡುತ್ತೇನೆ.